ಅಟ್ಟ ನೋಡಿದರೆ ಬರುವ ಬೆನ್ನುನೋವು

ಮುಳ್ಳಪ್ಪನ ಬೆನ್ನುನೋವನ್ನು ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬದಿರುವುದಕ್ಕೆ ಕಾರಣವೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ನೋವಿಗೆ ಒಂದು ಕೆಟ್ಟ ಚಾಳಿ. ಕೆಲಸ ಹೇಳಿದಾಗ ಬರುತ್ತಿತ್ತು, ಊಟಕ್ಕೆ ಕೂತಾಗ ಹೋಗುತ್ತಿತ್ತು. ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಿ ಅಂದರೆ ನೋವು. ಫ್ಯಾನಿನ ರೆಕ್ಕೆ ಒರೆಸಿ ಅಂದರೆ ನೋವು. ಎತ್ತರದ ತಂತಿಗೆ ಬಟ್ಟೆ ಹರವಿ ಅಂದರಂತೂ ಪ್ರಾಣ ಹೋಗುವಷ್ಟು ನೋವು. ಅದೇ ಭಾವಮೈದ ಬಂದು ಕ್ಯಾರಂ ಬೋರ್ಡು ಹಾಸಿದನೋ, ಮುಳ್ಳಪ್ಪ ಬಿಲ್ಲಿನ ಹಾಗೆ ಬಗ್ಗಿ ಒಂದರ ಹಿಂದೊಂದು ಆಟ ಹೊಡೆಯುತ್ತಿದ್ದ. ಬಾಯಿಂದ ಒಂದು 'ಉಸ್' ಕೂಡ ಹೊರಡುತ್ತಿರಲಿಲ್ಲ. ಇಂಥ ನೋವನ್ನು ನಂಬುವವರಾದರೂ ಯಾರು? ನೀವಾಗಿದ್ದರೂ ನಂಬುತ್ತಿರಲಿಲ್ಲ.

ಮುಳ್ಳಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತು ವರ್ಷ ಗಡಿಯಾರದ ಮುಳ್ಳುಗಳ ಜೊತೆ ಏಗಿದ್ದಕ್ಕೆ ಬೀದಿಯವರು ಇಟ್ಟದ್ದು. ಮಾತೂ ಹಾಗೇ ಚುಚ್ಚುತ್ತಿದ್ದುದರಿಂದ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಅವನ ರಿಪೇರಿ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಒಬ್ಬರು ಒಳಗೆ ಕೂರಬಹುದು, ಇನ್ನೊಬ್ಬರು ಬಾಗಿಲಲ್ಲಿ ನಿಂತು ಜಗಳ ಆಡಬಹುದು, ಅಷ್ಟೇ ಜಾಗ. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಚಿಮಟ, ಸೂಜಿಯಷ್ಟು ಸಣ್ಣ ಸ್ಕ್ರೂಡ್ರೈವರುಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಕುರ್ಚಿಯ ಹಿಂದೆ, ತಲೆಗಿಂತ ಒಂದು ಮೊಳ ಎತ್ತರದಲ್ಲಿ, ಉದ್ದನೆಯ ಒಂದು ಹಲಗೆ. ರಿಪೇರಿಯಾದ ಗಡಿಯಾರಗಳನ್ನು ಆ ಹಲಗೆಯ ಮೇಲೆ ಒಂದು ದಿನ ನಿಲ್ಲಿಸಿ, ಸರಿಯಾಗಿ ಓಡುತ್ತವೆಯೇ ಎಂದು ನೋಡಿ ಕೊಡುವುದು ಅವನ ಅಪ್ಪನ ಕಾಲದ ಪದ್ಧತಿ. ಈಚೆಗೆ ಹಲಗೆ ಖಾಲಿ ಬಿದ್ದಿತ್ತು. ರಿಪೇರಿಯಾದವೆಲ್ಲ ಮೇಜಿನ ಒಂದು ಮಗ್ಗುಲಲ್ಲಿ, ಬಟ್ಟೆಯ ಮೇಲೆ, ಸಾಲಾಗಿ ಅಂಗಾತ ಮಲಗಿ ಟಿಕ್‌ಟಿಕ್ ಎನ್ನುತ್ತಿದ್ದವು. ಯಾಕೆ ಹೀಗೆ ಬದಲಾಯಿತು ಎಂದು ಮುಳ್ಳಪ್ಪನನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ.

ಆ ಶನಿವಾರ ಬಾಗಿಲಲ್ಲಿ ಬಂದು ನಿಂತವರು ಗುಂಡು ಟೈಂಪೀಸಿನ ಮೇಡಂ. ಕೈಯಲ್ಲಿ ತರಕಾರಿ ಚೀಲ, ಚೀಲದಲ್ಲಿ ಬದನೆಕಾಯಿಗಳ ಮಧ್ಯೆ ಒಂದು ಹಳೆಯ ಕೀಲಿ ಕೊಡುವ ಗುಂಡು ಗಡಿಯಾರ. ಅದಕ್ಕೆ ಕೆಳಗೆ ಎರಡು ಪುಟ್ಟ ಕಾಲು, ತಲೆಯ ಮೇಲೆ ಒಂದು ಗಂಟೆ. ಇದೇ ಗಡಿಯಾರ ಹಿಡಿದು ಇದೇ ಬಾಗಿಲಿಗೆ ಅವರು ಬಂದದ್ದು ಮೂರನೆಯ ಸಲ.

"ಮತ್ತೆ ನಿಂತೋಯ್ತು," ಎಂದರು ಮೇಡಂ.

"ಎಲ್ಲಿ ನಿಂತಿದ್ದು?"

"ಮನೇಲಿ. ಪುಸ್ತಕದ ಕಪಾಟಿನ ಮೇಲೆ ಇಡ್ತೀನಿ. ಹತ್ತು ನಿಮಿಷ ಓಡುತ್ತೆ, ಆಮೇಲೆ ಉಸಿರೇ ಇರಲ್ಲ."

ಮುಳ್ಳಪ್ಪ ಗಡಿಯಾರಕ್ಕೆ ಕೀಲಿ ಕೊಟ್ಟು, ಬಟ್ಟೆಯ ಮೇಲೆ ಅಂಗಾತ ಮಲಗಿಸಿದ. ಟಿಕ್‌ಟಿಕ್‌ಟಿಕ್. ಕಾಲು ಗಂಟೆ ಇಬ್ಬರೂ ಕಾದರು. ಗಡಿಯಾರ ಕುದುರೆಯ ಹಾಗೆ ಓಡುತ್ತಲೇ ಇತ್ತು.

"ನೋಡಿದ್ರಲ್ಲ," ಎಂದ.

"ಇಲ್ಲಿ ಓಡುತ್ತೆ ಕಣ್ರೀ. ಮನೇಲಿ ಓಡಲ್ಲ."

"ಮೇಡಂ, ಇದು ಅಂಗಡಿ, ಇದು ಮನೆ ಅಂತ ಗಡಿಯಾರಕ್ಕೆ ಗೊತ್ತಾಗುತ್ತಾ?"

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ?"

"ನಾನು ಹಾಗೆ ಅನ್ನಲಿಲ್ಲ. ಗಡಿಯಾರ ಸುಳ್ಳು ಹೇಳಲ್ಲ ಅಂದೆ, ಅಷ್ಟೆ."

"ಇದು ಇಲ್ಲೇ ಇರಲಿ. ನಿಮಗೆ ನಂಬಿಕೆ ಬಂದ ದಿನ ಹೇಳಿಕಳಿಸಿ," ಎಂದು ಮೇಡಂ ಬದನೆಕಾಯಿ ಎತ್ತಿಕೊಂಡು ಹೊರಟರು. ಮುಳ್ಳಪ್ಪ ಗೆದ್ದವನ ಗತ್ತಿನಲ್ಲಿ ಕುರ್ಚಿಗೆ ಒರಗಲು ಹೋದ. ಸೊಂಟದ ಹತ್ತಿರ ಛಳುಕ್ ಎಂದಿತು. ಮತ್ತೆ ಮುಂದಕ್ಕೆ ಬಗ್ಗಿ ಕೆಲಸ ಹಿಡಿದ.

ಸಂಜೆ ಮನೆಗೆ ಬಂದರೆ ಅಲ್ಲಿ ಅವನ ಮೇಲೆ ಸಂಚು ನಡೆದಿತ್ತು. ಮುಂದಿನ ಭಾನುವಾರ ಮನೆಗೆ ಸುಣ್ಣಬಣ್ಣ ಮಾಡಿಸುವುದೆಂದು ಹೆಂಡತಿ ತೀರ್ಮಾನಿಸಿದ್ದಳು. ಅಷ್ಟರೊಳಗೆ ಅಟ್ಟ ಖಾಲಿಯಾಗಬೇಕು. ಅಟ್ಟದಲ್ಲಿ ಇಪ್ಪತ್ತೆರಡು ವರ್ಷದ ಸಂಸಾರ ಕೂತಿತ್ತು: ಹಿಡಿ ಹೋದ ಸೂಟ್‌ಕೇಸುಗಳು, ಕಬ್ಬಿಣದ ಟ್ರಂಕು, ಹಾಸಿಗೆಯ ಸುರುಳಿ, ಯಾರೂ ಕೂರದ ಒಂದು ಮೂರು ಕಾಲಿನ ಕುರ್ಚಿ. ಮುಳ್ಳಪ್ಪ ಬಾಯಿ ತೆರೆಯುವುದಕ್ಕೆ ಮುಂಚೆಯೇ ಹೆಂಡತಿ ಕೈ ಎತ್ತಿದಳು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಅರ್ಧಂಬರ್ಧ ವಿಳಾಸವನ್ನು ಒಂದೇ ನೋಟಕ್ಕೆ ಹಿಡಿಯುವವಳು.

"ಬೆನ್ನುನೋವು ಅಂತ ಶುರು ಮಾಡ್ಬೇಡಿ. ಮೊದಲು ಕೈಕಾಲು ತೊಳ್ಕೊಂಡು ಬನ್ನಿ."

ಅವಳ ದನಿಯಲ್ಲಿ ಏನೋ ಇತ್ತು. ಆದರೆ ಕೂಡಲೇ ಅತ್ತೆ, "ಅಳಿಯಂದ್ರೆ, ಕನ್ನಡಕದ ಡಬ್ಬಿ ಕೆಳಗೆ ಬಿತ್ತು, ಒಂದು ಚೂರು ಎತ್ತಿಕೊಡ್ತೀರಾ?" ಎಂದರು. ಸೋಫಾದ ಮೂಲೆ ಅತ್ತೆಯ ಖಾಯಂ ಜಾಗ. ಮುಳ್ಳಪ್ಪ ಸಂತೋಷದಿಂದ ಬಗ್ಗಿ ಎತ್ತಿಕೊಟ್ಟ. ಎರಡು ನಿಮಿಷಕ್ಕೆ ಮತ್ತೆ ಬಿತ್ತು. ಮತ್ತೆ ಎತ್ತಿಕೊಟ್ಟ. ಬಗ್ಗಿದಾಗ ಸೊಂಟದಲ್ಲಿ ಯಾರೋ ತಿರುಪು ಸಡಿಲಿಸಿದಂತೆ ಹಾಯೆನಿಸುತ್ತಿತ್ತು. ಆದ್ದರಿಂದ ಎತ್ತಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿರುತ್ತಿದ್ದ. ಪರವಾಗಿಲ್ಲ, ಮನೆಯವರಿಗೆ ಕೊನೆಗೂ ಕರುಣೆ ಬಂದಿದೆ, ಸುಲಭದ ಕೆಲಸ ಹೇಳುತ್ತಿದ್ದಾರೆ ಎಂದುಕೊಂಡ. ಡಬ್ಬಿ ಏಳನೆಯ ಸಲ ಬಿದ್ದಾಗಲೂ ಪಾಪ ಅವನಿಗೆ ಅನುಮಾನ ಬರಲಿಲ್ಲ.

"ಏಳು ಸಲ," ಎಂದು ಮಗಳು ಪುಸ್ತಕ ಮುಚ್ಚಿದಳು. ಅವಳು ವಕೀಲಿ ಓದುತ್ತಿದ್ದಳು, ಎರಡನೆಯ ವರ್ಷ. ಕಾಲೇಜಿನಲ್ಲಿ ಇನ್ನೂ ಬಾಯಿ ಬಿಡಲು ಬಿಡದ ಕಾರಣ ಎಲ್ಲವನ್ನೂ ಮನೆಯಲ್ಲೇ ತೀರಿಸಿಕೊಳ್ಳುತ್ತಿದ್ದಳು. "ಏಳು ಸಲ ಸೊಂಟ ಬಗ್ಗಿಸಿದಾರೆ. ಒಂದು ಸಲಾನೂ ನರಳಲಿಲ್ಲ. ನಾಲ್ಕನೇ ಸಲ ನಕ್ಕರು. ಮಾಮ, ನಿಮ್ಮ ಸಾಕ್ಷಿ?"

ಭಾವಮೈದ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಹೋದ ವಾರ ನಾವು ಸತತ ಎರಡು ಗಂಟೆ ಕ್ಯಾರಂ ಆಡಿದ್ವಿ. ಭಾವ ಬೋರ್ಡಿನ ಮೇಲೆ ಮೂಗು ತಾಗೋ ಹಾಗೆ ಬಗ್ಗಿದ್ರು. ರೆಡ್ ಹಾಕಿದ್ದೂ ಅವರೇ." ಕೊನೆಯ ಮಾತು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು.

"ಬಗ್ಗಿದ್ರೆ ನೋಯಲ್ಲ!" ಎಂದು ಮುಳ್ಳಪ್ಪ ಕೂಗಿದ. "ಎಷ್ಟು ಸಲ ಹೇಳೋದು? ನಿಂತ್ಕೊಂಡ್ರೆ ನೋಯುತ್ತೆ. ಮೇಲೆ ನೋಡಿ ಕೈ ಎತ್ತಿದ್ರೆ ನೋಯುತ್ತೆ."

ಅತ್ತೆ ಮೊದಲು ನಕ್ಕರು, ಅವರ ಹಿಂದೆ ಎಲ್ಲರೂ. "ಬಗ್ಗಿದ್ರೆ ನೋಯದ ಬೆನ್ನುನೋವು! ನನ್ನ ಎಪ್ಪತ್ತು ವರ್ಷದಲ್ಲಿ ಕೇಳಿಲ್ಲ ಕಣ್ರೀ ಅಳಿಯಂದ್ರೆ. ಬೆನ್ನುನೋವು ಬಂದೋರು ಬಗ್ಗೋಕಾಗದೆ ಒದ್ದಾಡ್ತಾರೆ. ನಿಮ್ಮದು ಅಟ್ಟ ನೋಡಿದ್ರೆ ಬರೋ ನೋವು!" ಅವರು ಹೊಟ್ಟೆ ಹಿಡಿದುಕೊಂಡು ನಗುವಾಗ ಕನ್ನಡಕದ ಡಬ್ಬಿ ನಿಜವಾಗಿಯೂ ಬಿತ್ತು. ಮುಳ್ಳಪ್ಪ ಎತ್ತಿಕೊಡಲಿಲ್ಲ.

ತೀರ್ಪು ಹೆಂಡತಿಯದು. ಸೋಮವಾರ ಮೂಳೆ ಡಾಕ್ಟರ ಹತ್ತಿರ ಹೋಗುವುದು. ಅವಳೂ ಜೊತೆಗೆ ಬರುವಳು. ಡಾಕ್ಟರು ನೋವಿದೆ ಅಂದರೆ ಮನೆಮಂದಿಯೆಲ್ಲ ಸೇರಿ ಕ್ಷಮೆ ಕೇಳುವುದು. ಏನೂ ಇಲ್ಲ ಅಂದರೆ ಅಟ್ಟದ ಅಷ್ಟೂ ಸಾಮಾನನ್ನು ಮುಳ್ಳಪ್ಪ ಒಬ್ಬನೇ ಇಳಿಸಿ, ಬಣ್ಣ ಒಣಗಿದ ಮೇಲೆ ಒಬ್ಬನೇ ಏರಿಸುವುದು, ಮತ್ತು ಬೆನ್ನು ಎಂಬ ಶಬ್ದವನ್ನು ಈ ಮನೆಯಲ್ಲಿ ಇನ್ನು ಮುಂದೆ ಎತ್ತದಿರುವುದು.

ಮುಳ್ಳಪ್ಪ ಬಚ್ಚಲುಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. ಸೊಂಟಕ್ಕಿಂತ ಆ ನಗು ಹೆಚ್ಚು ನೋಯಿಸಿತ್ತು. ಒಂದೂವರೆ ವರ್ಷದಿಂದ ಬೆಳಿಗ್ಗೆ ಎದ್ದರೆ ಸೊಂಟ ಹಲಗೆಯ ಹಾಗೆ ಸೆಟೆದುಕೊಂಡಿರುತ್ತಿತ್ತು, ಅರ್ಧ ಗಂಟೆ ಓಡಾಡಿದ ಮೇಲೆ ಸಡಿಲವಾಗುತ್ತಿತ್ತು. ಬಸ್ಸಿಗೆ ಕಾಯುತ್ತ ನಿಂತರೆ ನೋವು ತೊಡೆಯವರೆಗೆ ಇಳಿಯುತ್ತಿತ್ತು, ಬಸ್ಸಿನಲ್ಲಿ ಕೂತರೆ ಮಾಯ. ಇಷ್ಟು ಜನ ಇಷ್ಟು ಖಂಡಿತವಾಗಿ ಇಲ್ಲ ಎನ್ನುವಾಗ ಅವನಿಗೇ ಅನುಮಾನ ಬಂತು. ನಾನೇ ನಾಟಕ ಆಡುತ್ತಿದ್ದೇನೆಯೇ? ಪರೀಕ್ಷೆಗೆಂದು ತಲೆ ಎತ್ತಿ ಬಚ್ಚಲಿನ ಬಲ್ಬು ನೋಡಿದ. ಛಳುಕ್! ಇಲ್ಲ, ನಾಟಕ ಅಲ್ಲ. ಅಟ್ಟ ಹಾಳಾಗಿ ಹೋಗಲಿ, ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಹೌದು ನಿನಗೆ ನೋವಿದೆ ಎಂದರೆ ಸಾಕು ಎಂದು ಅವನಿಗೆ ಅನಿಸಿತು.

ಸೋಮವಾರ ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ, "ಈ ಡಾಕ್ಟ್ರು ತುಂಬ ಖಡಕ್ ಅಂತೆ. ಸುಳ್ಳು ಹೇಳಿದ್ರೆ ಹಿಡಿದುಬಿಡ್ತಾರಂತೆ," ಎಂದು ಧೈರ್ಯ ಹೇಳಿದಳು. ಅವನ ಸರದಿ ಬಂತು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟ ಮುಳ್ಳಪ್ಪ ಅದೇ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಬಿಳಿ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದವರು ಗುಂಡು ಟೈಂಪೀಸಿನ ಮೇಡಂ.

"ಬನ್ನಿ ಬನ್ನಿ," ಎಂದರು ಡಾಕ್ಟರು. ಅವರ ಮುಖದಲ್ಲಿ ಹಬ್ಬಿದ ನಗು ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಅವನು ಎಲ್ಲವನ್ನೂ ಹೇಳಿದ, ತಗ್ಗಿದ ದನಿಯಲ್ಲಿ. ಡಾಕ್ಟರು ಅವನನ್ನು ಮಂಚದ ಮೇಲೆ ಮಲಗಿಸಿ ಮಂಡಿ ಮಡಿಸಿದರು. ಕಾಲು ಎತ್ತಿ ನೋಡಿದರು, ಪುಟ್ಟ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು, ಪಾದದಲ್ಲಿ ಜೋಮು ಇದೆಯೇ ಎಂದು ಕೇಳಿದರು. "ಈಗ ನೋವಿದೆಯಾ?"

"ಇಲ್ಲ."

"ಎದ್ದು ಕೂತ್ಕೊಳ್ಳಿ. ಮುಂದಕ್ಕೆ ಬಗ್ಗಿ. ಈಗ?"

"ಈಗಲೂ ಇಲ್ಲ."

"ನೋಡಿದ್ರಲ್ಲ," ಎಂದರು ಡಾಕ್ಟರು, ಅವನದೇ ಧಾಟಿಯಲ್ಲಿ. "ಚೆನ್ನಾಗಿ ಓಡ್ತಿದೆ."

"ಇಲ್ಲಿ ನೋವಿಲ್ಲ ಡಾಕ್ಟ್ರೇ. ಮನೇಲಿ ಬರುತ್ತೆ."

"ಇದು ಆಸ್ಪತ್ರೆ, ಇದು ಮನೆ ಅಂತ ಬೆನ್ನಿಗೆ ಗೊತ್ತಾಗುತ್ತಾ?"

ಹೆಂಡತಿ ಗೆಲುವಿನಿಂದ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಕಣ್ಣಲ್ಲಿ ಖಾಲಿ ಅಟ್ಟ ಆಗಲೇ ಫಳಫಳ ಹೊಳೆಯುತ್ತಿತ್ತು. ಆದರೆ ಡಾಕ್ಟರು ಕುರ್ಚಿ ಬಿಟ್ಟು ಎದ್ದರು.

"ಹಾಗಂತ ಕಳಿಸಿಬಿಟ್ರೆ ನಾನು ಡಾಕ್ಟ್ರಲ್ಲ, ಗಡಿಯಾರ ರಿಪೇರಿಯವಳು. ನಿಂತ್ಕೊಳ್ಳಿ. ಮೇಲೆ ಟ್ಯೂಬ್‌ಲೈಟ್ ನೋಡಿ. ಇನ್ನೂ ಸ್ವಲ್ಪ ಹಿಂದಕ್ಕೆ ಬಾಗಿ. ಹಾಗೇ ಬಲಗಡೆ ತಿರುಗಿ."

ಮುಳ್ಳಪ್ಪ ಹಾಕಿದ ಕೂಗಿಗೆ ಹೊರಗಿನ ಬೆಂಚು ಅರ್ಧ ಖಾಲಿಯಾಯಿತು. ಹಲ್ಲುನೋವಿಗೆ ಬಂದು ತಪ್ಪು ಬಾಗಿಲಲ್ಲಿ ಕೂತಿದ್ದವನೊಬ್ಬ ಹಲ್ಲು ಇದ್ದ ಹಾಗೇ ಇರಲಿ ಎಂದು ಮನೆಗೆ ಹೋದ. ಹೆಂಡತಿಯ ಕೈಚೀಲ ಮಡಿಲಿಂದ ಜಾರಿ ಬಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಗಂಡನ ಎಲ್ಲ ಬಗೆಯ ಕೂಗನ್ನೂ ಕೇಳಿದ್ದಳು. ಸುಳ್ಳಿನ ಕೂಗು ಯಾವುದು, ನಿಜದ್ದು ಯಾವುದು ಎಂಬ ವ್ಯತ್ಯಾಸ ಅವಳಿಗೆ ಗೊತ್ತಿತ್ತು.

"ಇಲ್ಲಿದೆ," ಎಂದರು ಡಾಕ್ಟರು, ಸೊಂಟದ ಒಂದು ಜಾಗಕ್ಕೆ ಬೆರಳಿಟ್ಟು. ಎಕ್ಸ್‌-ರೇ ತೆಗೆಸಿ ತಂದ ಮೇಲೆ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಬೆನ್ನುಮೂಳೆಯನ್ನು ಕೈಗೆತ್ತಿಕೊಂಡರು. "ನೋಡಿಮ್ಮ, ಒಂದು ಮೂಳೆ ಮೇಲೆ ಇನ್ನೊಂದು ಮೂಳೆ. ಮುಂದ್ಗಡೆ ಮಧ್ಯದಲ್ಲಿ ಮೆತ್ತೆ. ಹಿಂದ್ಗಡೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕೀಲು, ಬೆರಳ ತುದಿ ಅಷ್ಟು. ಒಳಗೆ ನುಣುಪಾದ ಪದರ ಇರುತ್ತೆ, ಜಾರೋಕೆ ಅನುಕೂಲ. ವಯಸ್ಸಾದ ಹಾಗೆ ಆ ಪದರ ಸವೆಯುತ್ತೆ, ಕೀಲು ಒರಟಾಗುತ್ತೆ, ಸುತ್ತ ಊತ ಬರುತ್ತೆ. ಮಂಡಿಗೆ ಸಂಧಿವಾತ ಬರಲ್ವಾ? ಅದೇ, ಬೆನ್ನಿನ ಕೀಲಿಗೆ."

"ಆದ್ರೆ ಬಗ್ಗಿದ್ರೆ ಯಾಕೆ ನೋಯಲ್ಲ?" ಎಂದಳು ಹೆಂಡತಿ. ಅವಳ ದನಿ ಈಗ ಸಣ್ಣದಾಗಿತ್ತು.

ಡಾಕ್ಟರು ಪ್ಲಾಸ್ಟಿಕ್ ಬೆನ್ನನ್ನು ಮುಂದಕ್ಕೆ ಬಗ್ಗಿಸಿದರು. ಹಿಂದಿನ ಕೀಲುಗಳು ಬಿಡಿಸಿಕೊಂಡವು. ಹಿಂದಕ್ಕೆ ಬಾಗಿಸಿದರು, ಕಟಕ್ ಎಂದು ಒಂದನ್ನೊಂದು ಒತ್ತಿದವು. "ಅಟ್ಟ ನೋಡಿದ್ರೆ, ಫ್ಯಾನ್ ಒರೆಸಿದ್ರೆ, ತುಂಬ ಹೊತ್ತು ನಿಂತ್ರೆ ಭಾರ ಈ ಕೀಲಿನ ಮೇಲೆ ಬೀಳುತ್ತೆ. ಬಗ್ಗಿದ್ರೆ, ಮಲಗಿದ್ರೆ ಇಳಿಯುತ್ತೆ. ಎಲ್ಲ ಬೆನ್ನುನೋವೂ ಹೀಗೆ ಅಲ್ಲ, ಕೆಲವರಿಗೆ ಬಗ್ಗಿದ್ರೇ ನೋವು. ಇವರದು ಹೀಗೆ. ಎಕ್ಸ್‌-ರೇಲಿ ಸವೆತ ಕಾಣಿಸ್ತಿದೆ. ಆದ್ರೆ ಸವೆತ ಕಾಣಿಸೋರಿಗೆಲ್ಲ ನೋವಿರಲ್ಲ. ಅದಕ್ಕೇ ಮನುಷ್ಯ ಏನು ಹೇಳ್ತಾನೆ ಅಂತ ಮೊದಲು ಕೇಳ್ಬೇಕು."

"ವಾಸಿ ಆಗುತ್ತಾ?"

"ಸವೆದದ್ದು ವಾಪಸ್ ಬರಲ್ಲ. ನೋವು ಹತೋಟಿಗೆ ಬರುತ್ತೆ. ದಿನಾ ನಡೀಬೇಕು, ಬೆಳಿಗ್ಗೆ ಮಲಗಿ ಮಂಡಿನ ಎದೆಗೆ ಎಳ್ಕೋಬೇಕು, ಹೊಟ್ಟೆ ಬೆನ್ನಿನ ಸ್ನಾಯು ಗಟ್ಟಿಯಾಗೋ ವ್ಯಾಯಾಮ ಹೇಳಿಕೊಡ್ತಾರೆ, ಈ ಹೊಟ್ಟೆ ಸ್ವಲ್ಪ ಇಳೀಬೇಕು. ಬಿಸಿ ಶಾಖ ಕೊಡಿ. ಮಾತ್ರೆ ಕೆಲವು ದಿನ ಮಾತ್ರ. ಇಷ್ಟಕ್ಕೂ ಬಗ್ಗದಿದ್ರೆ ಬೇರೆ ದಾರಿ ಇದೆ, ಆಮೇಲೆ ನೋಡೋಣ. ಸದ್ಯಕ್ಕೆ ಅಟ್ಟ ಬೇಡ."

"ಅದನ್ನ ಬರೆದುಕೊಡಿ ಡಾಕ್ಟ್ರೇ," ಎಂದ ಮುಳ್ಳಪ್ಪ, ಕಣ್ಣೊರೆಸಿಕೊಳ್ಳುತ್ತ. ಡಾಕ್ಟರು ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ 'ಅಟ್ಟ ಬೇಡ' ಎಂದು ಬರೆದು ಗೆರೆ ಎಳೆದರು. ಅವನು ಅದನ್ನು ಎರಡು ಸಲ ಓದಿದ. ಓದುತ್ತಿದ್ದವನು ತಟ್ಟನೆ ತಲೆ ಎತ್ತಿದ.

"ನಿಂತ್ರೆ ಭಾರ, ಮಲಗಿದ್ರೆ ಇಲ್ಲ," ಎಂದು ಗೊಣಗಿದ. "ಮೇಡಂ, ನಿಮ್ಮ ಕಪಾಟಿನ ಮೇಲೆ ಗಡಿಯಾರ ನಿಂತಿರುತ್ತೆ ಅಲ್ವಾ?"

"ಕಾಲಿರೋ ಗಡಿಯಾರನ ಮತ್ತೇನು ಮಲಗಿಸ್ತಾರಾ?"

ಮುಳ್ಳಪ್ಪ ಚಪ್ಪಲಿಗೆ ಕಾಲು ತುರುಕಿಕೊಂಡು ಹೊರಟೇಬಿಟ್ಟ. ಹೆಂಡತಿ ಚೀಟಿ, ಚೀಲ, ಎಕ್ಸ್‌-ರೇ ಎಲ್ಲ ಬಾಚಿಕೊಂಡು ಹಿಂದೆ ಓಡಿದಳು.

ಅಂಗಡಿಯ ಬೀಗ ತೆಗೆದವನೇ ಗುಂಡು ಗಡಿಯಾರವನ್ನು ಎತ್ತಿಕೊಂಡು, ಹಿಂದೆ ತಿರುಗಿ, ಎತ್ತರದ ಹಲಗೆಗೆ ಕೈ ಚಾಚಿದ. "ಅಯ್ಯೋ!" ಕೈ ಅರ್ಧಕ್ಕೇ ನಿಂತಿತು. ಹಾಗೇ ಆ ಖಾಲಿ ಹಲಗೆಯನ್ನು ದಿಟ್ಟಿಸಿದ. ಅದರ ಮೇಲೆ ಒಂದು ಬೆರಳು ದಪ್ಪ ಧೂಳು ಕೂತಿತ್ತು. ಒಂದೂವರೆ ವರ್ಷದ ಧೂಳು. ನೋವು ಶುರುವಾದಾಗಿನಿಂದ ಅವನು ಒಂದು ಗಡಿಯಾರವನ್ನೂ ಅಲ್ಲಿ ನಿಲ್ಲಿಸಿರಲಿಲ್ಲ. ಅಲ್ಲಿಗೆ ಕೈ ಎತ್ತಿದರೆ ನೋಯುತ್ತದೆ ಎಂದು ಸುಮ್ಮನೆ ಎಲ್ಲವನ್ನೂ ಮಲಗಿಸಿಬಿಟ್ಟಿದ್ದ. ಮಲಗಿದಾಗ ಸರಿಯಾಗಿ ಓಡುವ ಗಡಿಯಾರಗಳನ್ನು, ನಿಂತರೆ ಏನಾಗುತ್ತದೆ ಎಂದು ನೋಡದೆ, ಜನರ ಕೈಗೆ ಕೊಟ್ಟು ಕಳಿಸಿದ್ದ. ಅಪ್ಪ ಇದ್ದಿದ್ದರೆ ಚಿಮಟದಿಂದ ಕಿವಿ ಹಿಂಡುತ್ತಿದ್ದರು.

"ಕೊಡಿ ಇಲ್ಲಿ," ಎಂದಳು ಹೆಂಡತಿ. ಸ್ಟೂಲು ಹತ್ತಿ, ಸೆರಗಿನಲ್ಲಿ ಧೂಳು ಒರೆಸಿ, ಗಡಿಯಾರವನ್ನು ಅದರ ಎರಡು ಕಾಲಿನ ಮೇಲೆ ನಿಲ್ಲಿಸಿದಳು. ಕೆಳಗಿಳಿದು ಬಾಗಿಲ ಮೆಟ್ಟಿಲ ಮೇಲೆ ಕೂತಳು. ಇಬ್ಬರೂ ಕಾದರು. ಟಿಕ್‌ಟಿಕ್‌ಟಿಕ್. ಐದು ನಿಮಿಷ. ಏಳು ನಿಮಿಷ. ಒಂಬತ್ತನೆಯ ನಿಮಿಷಕ್ಕೆ ಟಿಕ್ ಎನ್ನುವುದು ನಿಧಾನವಾಯಿತು, ಒಂದು ಸಲ ತಡವರಿಸಿತು, ಆಮೇಲೆ ಸದ್ದೇ ಇಲ್ಲ.

"ಹೋಯ್ತು! ಹೋಯ್ತು!" ಎಂದು ಮುಳ್ಳಪ್ಪ ಕುಣಿದ. "ಒಳಗಿನ ಚಕ್ರದ ಅಚ್ಚು ಸವೆದಿದೆ ಕಣೆ. ಮಲಗಿಸಿದ್ರೆ ತುದಿ ಮೇಲೆ ನಿಂತು ಸಲೀಸಾಗಿ ತಿರುಗುತ್ತೆ, ನಿಲ್ಲಿಸಿದ್ರೆ ಪಕ್ಕಕ್ಕೆ ಉಜ್ಜುತ್ತೆ. ಪಾಪ, ಆ ಮೇಡಂ ಹೇಳಿದ್ದೆಲ್ಲ ನಿಜ!"

"ಗಡಿಯಾರ ಕೆಟ್ಟಿದೆ ಅಂತ ಕುಣಿಯೋ ರಿಪೇರಿಯವರನ್ನ ಇವತ್ತೇ ನೋಡಿದ್ದು," ಎಂದು ಹೆಂಡತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಇಷ್ಟು ನೋವು ಎಷ್ಟು ದಿನದಿಂದ ರೀ?"

"ಒಂದೂವರೆ ವರ್ಷ."

"ಹೇಳ್ಬಾರದಿತ್ತಾ?"

"ಹೇಳಿದ್ನಲ್ಲ."

ಕೌಂಟರಿನ ಆಚೆ ಈಚೆ ಎಷ್ಟೋ ಜನರ ಬಾಯಿ ಮುಚ್ಚಿಸಿದ ಹೆಂಗಸು, ಎಕ್ಸ್‌-ರೇಯ ಲಕೋಟೆಯ ಮೂಲೆಯನ್ನು ಮಡಿಸುತ್ತ ಬಿಡಿಸುತ್ತ ಕೂತಳು.

ಆ ವಾರ ಮುಳ್ಳಪ್ಪ ಮೇಡಂ ಅವರ ಗಡಿಯಾರಕ್ಕೆ ಹೊಸ ಅಚ್ಚು ಹಾಕಿದ, ನಿಲ್ಲಿಸಿ ನೋಡಿದ, ತಾನೇ ಹೋಗಿ ಅವರ ಕಪಾಟಿನ ಮೇಲಿಟ್ಟು ಬಂದ. ಆಮೇಲೆ ಕೂತು ಯೋಚಿಸಿ, ಇನ್ನೂ ಐದು ಜನರನ್ನು ನೆನಪು ಮಾಡಿಕೊಂಡ. ಅವರನ್ನೂ ಹೀಗೇ, ಗಡಿಯಾರ ಸುಳ್ಳು ಹೇಳಲ್ಲ ಎಂದು ಚುಚ್ಚಿ ಕಳಿಸಿದ್ದ. ಹೆಂಡತಿಯಿಂದ ಐದು ಕಾರ್ಡು ತರಿಸಿ ಐದರಲ್ಲೂ ಒಂದೇ ಮಾತು ಬರೆದ: 'ನೀವು ಹೇಳಿದ್ದು ನಿಜ. ನಾನು ನಂಬಲಿಲ್ಲ. ತಪ್ಪಾಯಿತು. ದಯವಿಟ್ಟು ಗಡಿಯಾರ ತನ್ನಿ.' ಹೆಂಡತಿ ಅವನ್ನು ಓದಿ, ಚೀಲಕ್ಕೆ ಹಾಕಿಕೊಂಡು ಕಚೇರಿಗೆ ಹೋದಳು.

ಭಾನುವಾರದ ಹೊತ್ತಿಗೆ ಅಟ್ಟವನ್ನು ಭಾವಮೈದನೂ ಮಗಳೂ ಇಳಿಸಿದರು. ಟ್ರಂಕು ಹೊತ್ತ ಭಾವಮೈದ ತನಗೂ ಬೆನ್ನುನೋವು ಎಂದಾಗ ಮಗಳು ಅಜ್ಜಿಯ ಕನ್ನಡಕದ ಡಬ್ಬಿ ಕೈಗೆತ್ತಿಕೊಂಡಳು. ಅವನು ತೆಪ್ಪಗೆ ಟ್ರಂಕು ಎತ್ತಿದ. ಅತ್ತೆ ಮಾತ್ರ ಬಾಯಿಬಿಟ್ಟು ಕ್ಷಮೆ ಕೇಳಲಿಲ್ಲ, ಬಿಸಿನೀರಿನ ತಮ್ಮ ಚೀಲವನ್ನು ತಂದು ಅಳಿಯನ ಹಾಸಿಗೆಯ ಮೇಲಿಟ್ಟು ಹೋದರು.

ಶುಕ್ರವಾರ ಮಧ್ಯಾಹ್ನ ಅಂಚೆಯವನು ಅಂಗಡಿಯ ಬಾಗಿಲಲ್ಲಿ ನಿಂತು ಒಂದು ಕಾರ್ಡು ಚಾಚಿದ. ಐದು ಜನರಲ್ಲಿ ಯಾರೋ ಬೈದು ಬರೆದಿರಬೇಕೆಂದು ಮುಳ್ಳಪ್ಪ ಭೂತಗನ್ನಡಿ ಸಿಕ್ಕಿಸಿಕೊಂಡ. ಅಕ್ಷರ ಗುರುತು ಹಿಡಿಯಲು ಭೂತಗನ್ನಡಿ ಬೇಕಿರಲಿಲ್ಲ. ಒಂದೇ ಸೂರಿನ ಕೆಳಗೆ ಮಲಗುವ ಹೆಂಡತಿ ಅಂಚೆಚೀಟಿಯ ಮೇಲೆ ತಾನೇ ಠಸ್ಸೆ ಒತ್ತಿ ಕಳಿಸಿದ್ದ ಕಾರ್ಡು ಅದು.

'ನೀವು ಹೇಳಿದ್ದು ನಿಜ. ನಾನು ನಂಬಲಿಲ್ಲ. ತಪ್ಪಾಯಿತು.'

ಭೂತಗನ್ನಡಿಯ ಒಳಗೆ ನೀರು ತುಂಬಿ ಅಕ್ಷರಗಳೆಲ್ಲ ತೇಲಿದವು. ಅದನ್ನು ತೆಗೆದು ಒರೆಸಿ ಮತ್ತೆ ನೋಡಿದರೆ ಕೆಳಗೆ ಸಣ್ಣದಾಗಿ ಇನ್ನೂ ಒಂದು ಸಾಲಿತ್ತು.

'ಬಣ್ಣ ಒಣಗಿದ ಮೇಲೆ ಸಾಮಾನೆಲ್ಲ ವಾಪಸ್ ಏರಿಸಿದ್ದೇವೆ. ಕ್ಯಾರಂ ಬೋರ್ಡು ಅಟ್ಟದಲ್ಲಿದೆ. ಆಡಬೇಕು ಅನಿಸಿದರೆ ನೀವೇ ಇಳಿಸಿಕೊಳ್ಳಿ.'

ಮುಳ್ಳಪ್ಪ ಹಿಂದಕ್ಕೆ ಬಾಗಿ ಹೋ ಎಂದು ನಕ್ಕ. ನಕ್ಕವನೇ "ಅಯ್ಯೋ!" ಎಂದು ಕೂಗಿ ಮುಂದಕ್ಕೆ ಬಗ್ಗಿದ, ಮತ್ತು ಹಾಗೇ ಬಗ್ಗಿಕೊಂಡು, ಹಣೆಯನ್ನು ಮೇಜಿಗೆ ಊರಿ, ಬಹಳ ಹೊತ್ತು ನಗುತ್ತಲೇ ಇದ್ದ.